ನಲವತ್ತೆರಡರ ಕಬ್ಬಿಣ

ಗೋಡೆ ಬೆಳ್ಳಗಾಗಿತ್ತು. ಗುಲ್ಬರ್ಗಾಕ್ಕೆ ಹೋಗಿ ಎರಡು ದಿನ ಬಿಟ್ಟು ಆಳಂದಕ್ಕೆ ಮರಳಿದ ಖಾದರಸಾಬ ಮಿಸ್ತ್ರಿ, ಹೆಗಲ ಮೇಲಿದ್ದ ಬ್ಯಾಟರಿಯನ್ನು ಇಳಿಸುವುದನ್ನೂ ಮರೆತು ತಗಡಿನ ಶೆಡ್ಡಿನ ಬಾಗಿಲಲ್ಲಿ ನಿಂತುಬಿಟ್ಟ. ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಮೂಲೆಯಲ್ಲಿ ಅರ್ಧ ಬಕೀಟು ಸುಣ್ಣ ಉಳಿದಿತ್ತು, ಕುಂಚ ಅದರಲ್ಲೇ ಮುಳುಗಿತ್ತು. ಒಂದು ವರ್ಷ ಅವನು ಆ ಗೋಡೆಯ ಮೇಲೆ ಬರೆದದ್ದನ್ನು ಯಾರೋ ಒಂದು ಮಧ್ಯಾಹ್ನದಲ್ಲಿ ಬಳಿದು ಮುಗಿಸಿದ್ದರು.

ಬರೆದದ್ದು ಅಂದರೆ ಅಕ್ಷರವಲ್ಲ. ಅವನಿಗೆ ಅಂಕಿ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಸುಟ್ಟ ಎಣ್ಣೆಯಲ್ಲಿ ಬೆರಳದ್ದಿ ಎಳೆದ ಗೀಟುಗಳು ಅವು. ಗುಲ್ಬರ್ಗಾ–ಸೊಲ್ಲಾಪುರ ರಸ್ತೆಯಲ್ಲಿ ಯಾವ ಮೋಟಾರು ಕೆಟ್ಟರೂ ಅವನ ಬಾಗಿಲಿಗೇ ಬರಬೇಕಿತ್ತು. ಬಂದ ಪ್ರತಿ ಗಾಡಿಯ ಹುಟ್ಟಿದ ವರ್ಷ ನೋಡಿ, ಅಡಿಯಲ್ಲಿ ಮಲಗಿ, ಸ್ಟೇರಿಂಗನ್ನು ಮುಂದಿನ ಗಾಲಿಗೆ ಜೋಡಿಸುವ ಮೊಳಕೈಯಷ್ಟು ಉದ್ದದ ಕಬ್ಬಿಣದ ತುಂಡನ್ನು ಅವನು ಬಿಚ್ಚಿ ಪರೀಕ್ಷೆ ಮಾಡುತ್ತಿದ್ದ. ಆರ್ಮು ಎಂದು ಅದರ ಹೆಸರು. ಸೀಳು ಬಿಟ್ಟಿದ್ದರೆ ಗೋಡೆಗೊಂದು ಗೀಟು. ಮೂವತ್ತೆಂಟನೇ ಇಸವಿಯ ಹದಿನಾಲ್ಕು ಗಾಡಿಗಳಲ್ಲಿ ಸೀಳಿದ್ದು ಒಂದು. ನಲವತ್ತರ ಆರರಲ್ಲಿ ಒಂದು. ಲಡಾಯಿಯ ನಡುವೆ ಹುಟ್ಟಿದ ನಲವತ್ತೆರಡರ ಒಂಬತ್ತರಲ್ಲಿ ಆರು.

ಆ ಆರರಲ್ಲಿ ಮೊದಲನೆಯ ಗೀಟು ಅವನ ತಮ್ಮ ಜಹೀರುದ್ದೀನನದು. ಹೋದ ವರ್ಷ ಜಹೀರುದ್ದೀನ ಚಂದ್ರಾಮಪ್ಪ ಸಾವ್ಕಾರನ ಸರ್ವೀಸ್ ಮೋಟಾರನ್ನು ಅಫಜಲಪುರದಿಂದ ಮಣ್ಣೂರಿಗೆ ಹೊಡೆಯುತ್ತಿದ್ದಾಗ, ಭೀಮಾ ಹೊಳೆಗೆ ಇಳಿಯುವ ಇಳಿಜಾರಿನಲ್ಲಿ ಆರ್ಮು ಮುರಿಯಿತು. ಗಾಡಿ ಹೊಳೆಯ ದಂಡೆಯಿಂದ ಕೆಳಗೆ ಬಿತ್ತು. ಜಹೀರುದ್ದೀನ ಸತ್ತ, ಅವನ ಜೊತೆ ಮೂವರು ಸತ್ತರು. ಸಾವ್ಕಾರ ಪೊಲೀಸ್ ಅಮೀನನ ಮುಂದೆ ಒಂದೇ ಮಾತು ಹೇಳಿದ: ಡ್ರೈವರಗ ನಿದ್ದಿ ಹತ್ತಿತ್ತು.

ಅಷ್ಟು ಸಾಕಾಯಿತು. ಸತ್ತವನೇನು ಎದ್ದು ಬಂದು ಇಲ್ಲ ಅನ್ನುತ್ತಾನೆಯೇ? ಜಹೀರುದ್ದೀನನ ಹೆಂಡತಿ ಖುರ್ಷಿದ ಬಾವಿಗೆ ಹೋದರೆ ಹೆಂಗಸರು ಹಗ್ಗ ಎಳೆದುಕೊಂಡು ಸರಿಯುತ್ತಿದ್ದರು. ನಿನ್ನ ಗಂಡನ ನಿದ್ದೆಯಲ್ಲಿ ನನ್ನ ಮಗ ಸತ್ತ ಎಂದು ಮಣ್ಣೂರಿನ ಹೆಂಗಸೊಬ್ಬಳು ಸಂತೆಯಲ್ಲಿ ಅವಳ ಮುಂದೆ ಉಗುಳಿದ್ದಳು. ಅಂದಿನಿಂದ ಖುರ್ಷಿದ ಹೊಸ್ತಿಲು ದಾಟಿರಲಿಲ್ಲ. ತಮ್ಮ ನಿದ್ದೆ ಮಾಡಲಿಲ್ಲ, ಕಬ್ಬಿಣ ಮುರಿಯಿತು ಎಂದು ಊರ ಬಾಯಿಂದ ಹೇಳಿಸದೆ ಸಾಯಬಾರದು ಎಂದು ಖಾದರಸಾಬ ಆ ಗೋಡೆಗೆ ಗೀಟು ಎಳೆಯುತ್ತಾ ಬಂದಿದ್ದ. ಈಗ ಆ ಗೋಡೆ ಮದುವೆಮನೆಯ ಗೋಡೆಯಂತೆ ಹೊಳೆಯುತ್ತಿತ್ತು.

ಅವನು ಬ್ಯಾಟರಿ ಇಳಿಸಿ ಸೀದಾ ಸಾವ್ಕಾರನ ಅಂಗಳಕ್ಕೆ ನಡೆದ. ಶೆಡ್ಡೂ ಸಾವ್ಕಾರನದೇ, ಗೋಡೆಯೂ ಸಾವ್ಕಾರನದೇ. ಅದು ಗೊತ್ತಿದ್ದೂ ಸಿಟ್ಟು ತಲೆಗೇರಿತ್ತು.

ಅಂಗಳದಲ್ಲಿ ಎರಡು ಮೋಟಾರುಗಳು ನಿಂತಿದ್ದವು. ಸೊಲ್ಲಾಪುರದ ದಲಾಲಿ ಹೊಡೆದುಕೊಂಡು ಬಂದಿದ್ದ. ಒಂದು ಮೂವತ್ತೆಂಟರದು, ಬಣ್ಣ ಸುಲಿದು, ಸೀಟು ಹರಿದು, ರೇಡಿಯೇಟರಿನಿಂದ ತೊಟ್ಟಿಕ್ಕುತ್ತಿತ್ತು. ಇನ್ನೊಂದು ನಲವತ್ತೆರಡರದು, ಪಲ್ಟನ್ನಿನವರು ಹರಾಜಿಗೆ ಹಾಕಿದ್ದು. ಹಸಿರು ಬಣ್ಣ, ಗಟ್ಟಿ ಟೈರು, ಹೊಸ ಪರದೆ. ಚಂದ್ರಾಮಪ್ಪ ಅದರ ಸುತ್ತ ಸುತ್ತುತ್ತಿದ್ದ. ಮೋಟಾರು ಕೊಳ್ಳುವ ಮೊದಲು ಅವನು ಎತ್ತಿನ ವ್ಯಾಪಾರ ಮಾಡಿದವನು. ಎತ್ತಿನ ಬಾಯಿ ತೆರೆಸಿ ಹಲ್ಲು ನೋಡಿದ ಕಣ್ಣು ಮೋಟಾರಿನಲ್ಲೂ ವಯಸ್ಸನ್ನೇ ನೋಡುತ್ತಿತ್ತು. ದಲಾಲಿಯ ಜೊತೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಹಸಿರು ಗಾಡಿಯ ಬೆಲೆಯನ್ನೂ ಮುಗಿಸಿದ್ದ.

"ಬಾ ಮಿಸ್ತ್ರಿ, ಛಲೋ ಹೊತ್ತಿಗೆ ಬಂದಿ," ಅಂದ. "ಕೈ ಇಡು."

ಆ ಕಡೆ ಅದೊಂದು ಪದ್ಧತಿ. ಎತ್ತಿನ ಬೆನ್ನ ಮೇಲೆ ಕೈ ಬಿದ್ದರೆ ವ್ಯಾಪಾರ ಮುಗಿದಂತೆ. ಮೋಟಾರು ಬಂದ ಮೇಲೆ ಆ ಕೈ ಮಿಸ್ತ್ರಿಯದಾಗಿತ್ತು. ಮಿಸ್ತ್ರಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನನ್ನ ಕೈ ಅದ ಅಂದರೆ ಗಾಡಿಯಲ್ಲಿ ದೋಷ ಇಲ್ಲ ಎಂದು ಅರ್ಥ. ಖಾದರಸಾಬನ ಕೈ ಇಲ್ಲದ ಗಾಡಿಯನ್ನು ಆಳಂದದಿಂದ ಜೇವರ್ಗಿಯವರೆಗೆ ಯಾರೂ ಮುಟ್ಟುತ್ತಿರಲಿಲ್ಲ.

"ಗ್ವಾಡಿಗಿ ಸುಣ್ಣ ಯಾರ ಹೊಡಿಸಿದ್ರಿ ಸಾವ್ಕಾರ್ರೆ?" ಅಂದ ಖಾದರಸಾಬ.

"ನಾನ. ಖಂಡೇಪೂಜಾ ಬಂತಲ್ಲ. ಹಬ್ಬಕ್ಕ ಮಸಿ ಗ್ವಾಡಿ ಇಟಗೊಂಡು ಕೂಡೂನು?"

"ಹೋದ ಹಬ್ಬಕ್ಕ ಹೊಡಿಸಲಿಲ್ಲ. ಅದರ ಹಿಂದಿನ ಹಬ್ಬಕ್ಕೂ ಹೊಡಿಸಲಿಲ್ಲ. ನಲವತ್ತೆರಡರ ಗಾಡಿ ಅಂಗಳಕ್ಕ ಬಂದ ದಿನಾನ ನಿಮಗ ಸುಣ್ಣ ನೆಪ್ಪಾತೇನ್ರಿ?"

ದಲಾಲಿ ಕೆಮ್ಮಿದ. ಸಾವ್ಕಾರ ನಕ್ಕ. ಮನಸ್ಸಿನಲ್ಲಿ ಏನೋ ಹೂಡುವಾಗಲೇ ಸಾವ್ಕಾರ ನಗುವುದೆಂದು ಅವನ ಕೈಕೆಳಗೆ ದುಡಿದವರಿಗೆಲ್ಲ ಗೊತ್ತು.

"ಇದು ಮೂವತ್ತೆಂಟರದಕ್ಕಿಂತ ನಾಕ ವರ್ಷ ಸಣ್ಣದು. ಮುದಿ ಎತ್ತು ಕಟ್ಟಂತಿ ಏನ ನನಗ?"

"ಎತ್ತಿಗಿ ವಯಸ್ಸು ನೋಡ್ರಿ. ಗಾಡಿಗಿ ಹುಟ್ಟಿದ ವರ್ಷ ನೋಡ್ರಿ. ಮೂವತ್ತೆಂಟರದು ಎಣ್ಣಿ ಕುಡೀತದ, ಗೇರ ಚೀರತದ, ಗುಡ್ಡ ಏರಬೇಕಾರ ಮಂದೀನ ಇಳಿಸಿ ನೂಕಸತದ. ಖರೆ. ಎಲ್ಲಾ ಖರೆ. ಆದ್ರ ಅದು ಕೆಟ್ರ ದಾರ್ಯಾಗ ನಿಂದರತದ. ನಲವತ್ತೆರಡರದು ಎಂದೂ ನಿಂದರಂಗಿಲ್ಲ, ಛಂದ ಓಡತದ, ಓಡಿಕೋತ ಹೋಗಿ ಕೊಲ್ಲತದ. ಲಡಾಯ್ಯಾಗ ಛಲೋ ಕಬ್ಬಿಣ ಎಲ್ಲಾ ತೋಪಿಗಿ ಹೋತು, ಇದಕ್ಕ ಹಾಕಿದ್ದು ಬರೇ ಕಸ. ಒಂಬತ್ತರಾಗ ಆರು ಸೀಳ್ಯಾವ."

"ಎಲ್ಲದ ನಿನ್ನ ಲೆಕ್ಕ? ತೋರಸು." ಸಾವ್ಕಾರ ಶೆಡ್ಡಿನ ಕಡೆ ಗದ್ದ ಎತ್ತಿದ. "ನನಗ ಬರೇ ಬೆಳ್ಳನ್ನ ಗ್ವಾಡಿ ಕಾಣತದ."

ಖಾದರಸಾಬ ಕೈಯನ್ನು ಬಾನೆಟ್ಟಿನ ಮೇಲೆ ಇಡದೆ ಜೇಬಿಗೆ ತುರುಕಿಕೊಂಡು ಮನೆಗೆ ಬಂದ.

ಮನೆಯಲ್ಲಿ ಅವನ ಹೆಂಡತಿ ಪ್ಯಾರಿಬಿ ರೊಟ್ಟಿ ಬಡಿಯುತ್ತಿದ್ದಳು. ಮಾತನ್ನೆಲ್ಲ ಕೇಳಿದಳು. ಒಳಗೆ ಖುರ್ಷಿದ ಕೇಳಿಸಿಕೊಳ್ಳುತ್ತಿದ್ದಾಳೆಂದು ದನಿ ತಗ್ಗಿಸಿದಳು.

"ಕಾಲ ಸರಿ ಇಲ್ಲ. ಹೊಳಿ ಆಚಿಗಿ ಸ್ವಾತಂತ್ರ್ಯ ಬಂದು ಎರಡ ತಿಂಗಳಾತು, ಈಚಿಗಿ ನಮ್ಮ ಸಂಸ್ಥಾನದಾಗ ನಾಳಿ ಏನಂತ ಯಾರಿಗೂ ಗೊತ್ತಿಲ್ಲ. ಇಂಥದರಾಗ ನೀವು ಸಾವ್ಕಾರನ ಮ್ಯಾಲ ಹೋಗಬ್ಯಾಡ್ರಿ."

"ಕಾಲ ಸರಿ ಆಗೋತನಕ ಜಹೀರ ನಿದ್ದಿಗೇಡಿ ಆಗೇ ಇರಬೇಕೇನು?"

ಪ್ಯಾರಿಬಿ ರೊಟ್ಟಿ ತಿರುವಿದಳು. ಹೆಂಚಿನ ಮೇಲಿಂದ ಕಣ್ಣೆತ್ತದೆ ಅಂದಳು: "ಗ್ವಾಡಿ ಹೋದ್ರ ಹೋತು. ಬಿಚ್ಚಿದ ಕಬ್ಬಿಣ ಎಲ್ಲಿ ಹೋತು?"

ಖಾದರಸಾಬ ಅವಳ ಮುಖ ನೋಡಿದ. ಒಂದು ವರ್ಷ ಗೋಡೆಯನ್ನೇ ನೋಡುತ್ತಾ ಕಬ್ಬಿಣವನ್ನು ಮರೆತವನು ತಾನು, ಇವಳು ರೊಟ್ಟಿ ಬಡಿಯುತ್ತಾ ನೆನಪಿಟ್ಟುಕೊಂಡಿದ್ದಾಳೆ. ತನ್ನ ಮೇಲೆಯೇ ಸಿಟ್ಟು ಬಂತು. ರೊಟ್ಟಿ ಅರ್ಧಕ್ಕೆ ಬಿಟ್ಟು ಸೈಕಲ್ಲು ತೆಗೆದ.

ಕೆಟ್ಟ ಕಬ್ಬಿಣವೆಲ್ಲ ನರೋಣಾದ ಕಮ್ಮಾರ ಮೋನಪ್ಪನಿಗೆ ಹೋಗುತ್ತಿತ್ತು. ಖಾದರಸಾಬ ಹೋದಾಗ ಮೋನಪ್ಪನ ಕುಲುಮೆಯ ಮುಂದೆ ಬಾಳಮ್ಮ ಎಂಬ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳ ಕೈಯಲ್ಲಿ ಕಳೆ ತೆಗೆಯುವ ಎರಡು ಕುರ್ಪಿಗಳಿದ್ದವು, ಎರಡೂ ಮುರಿದವು.

"ಎಂಟ ದಿನದಾಗ ಎರಡ ಮುರದಾವ. ಕಸ ತೆಗಿಯಾಕ ಕೊಟ್ಟಿದ್ದೋ, ಹಪ್ಪಳ ಕೊಟ್ಟಿದ್ದೋ? ನನಗ ಹಳೆ ಮೋಟಾರಿಂದು ಬೇಕು. ಬಸಮ್ಮನ ಕುರ್ಪಿ ಮೂರ ವರ್ಷ ಆತು, ಇನ್ನೂ ಬಾಯಿ ಹೋಗಿಲ್ಲ."

"ಹಳೇದು ಸಿಕ್ರ ನಾನ ಬ್ಯಾಡಂತೇನೇನು ಬೇ?" ಮೋನಪ್ಪ ತಿದಿ ಬಿಟ್ಟು ಎದ್ದ. ಖಾದರಸಾಬನನ್ನು ಕಂಡು ಜಗಳವನ್ನು ಅವನಿಗೇ ದಾಟಿಸಿದ. "ಬಂದ ನೋಡು ಕೊಟ್ಟಾಂವ, ಇವನ್ನ ಕೇಳು."

ಖಾದರಸಾಬ ಕೇಳುವ ಮೊದಲೇ ಮೋನಪ್ಪ ಒಂದು ಗೋಣಿಚೀಲ ಎಳೆದು ತಂದ. ಒಳಗೆ ಆರು ಆರ್ಮುಗಳಿದ್ದವು. ಕಮ್ಮಾರನ ಅಭ್ಯಾಸ, ಕೈಗೆ ಒಗ್ಗದ ಕಬ್ಬಿಣವನ್ನು ಬೇರೆ ಇಟ್ಟುಬಿಡುತ್ತಿದ್ದ. "ಮೊನ್ನಿ ಇಂಥ ಗಾಡಿದ ಸ್ಪ್ರಿಂಗ ಪಟ್ಟಿ ಬಡದು ಎರಡ ಕುರ್ಪಿ ಮಾಡಿದೆ, ಈಕಿ ಕೈಯಾಗ ಅದಾವ ನೋಡು. ಕಾಸಿದ್ರ ಉದರತದ, ತಣ್ಣಗ ಮಾಡಿದ್ರ ಬಿರಿತದ. ಹಳೆ ಗಾಡಿ ಕಬ್ಬಿಣ ಹಂಗಲ್ಲ, ಬಡದಂಗ ಬಡದಂಗ ಮಾತ ಕೇಳತದ. ವರ್ಷ ಗಿರ್ಷ ನನಗ ಗೊತ್ತಿಲ್ಲ. ಇವು ಹಸರ ಬಣ್ಣದ ಗಾಡಿವು, ಅಷ್ಟ ಗೊತ್ತು."

ಚೀಲದ ತಳದಲ್ಲಿದ್ದುದರ ಮುರಿದ ಬಾಯಲ್ಲಿ ಒಣಗಿದ ಹೊಳೆಯ ಕೆಸರು ಇನ್ನೂ ಅಂಟಿತ್ತು; ಅದು ತಮ್ಮನ ಗಾಡಿಯದು. ಖಾದರಸಾಬ ಅದನ್ನು ತೊಡೆಯ ಮೇಲಿಟ್ಟುಕೊಂಡು ನೆಲಕ್ಕೆ ಕುಳಿತುಬಿಟ್ಟ. ಬಾಳಮ್ಮ ಜಗಳ ನಿಲ್ಲಿಸಿದಳು. ಹಣೆಯ ಸೆರಗು ಸರಿಮಾಡಿಕೊಂಡು, ಅಣ್ಣಾ ನೀರು ಕುಡಿ ಎಂದು ಚರಿಗೆ ಕೊಟ್ಟಳು.

ಆ ಸಂಜೆ ಚೀಲವನ್ನು ಸಾವ್ಕಾರನ ಪಡಸಾಲೆಯಲ್ಲಿ ಸುರಿದ. ಬಾಳಮ್ಮನಿಂದ ಇಸಿದುಕೊಂಡ ಒಂದು ಮುರಿದ ಕುರ್ಪಿಯನ್ನೂ ಇಟ್ಟ. ಮೋನಪ್ಪನ ಮಾತು, ಬಾಳಮ್ಮನ ಮಾತು ಎಲ್ಲ ಹೇಳಿದ. ಗೋಡೆಯ ಗೀಟಿಗೆ ಬಗ್ಗದ ಚಂದ್ರಾಮಪ್ಪ ಕುರ್ಪಿಯನ್ನು ಕೈಗೆತ್ತಿಕೊಂಡ. ಹೊಲ ಇದ್ದವನಿಗೆ ಕುರ್ಪಿ ಯಾಕೆ ಮುರಿಯುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ. ಮುರಿದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ.

"ಆತು ಬಿಡು," ಅಂದ ಕೊನೆಗೆ. "ನನ್ನ ಸರ್ವೀಸಿಗಿ ಮೂವತ್ತೆಂಟರದ ತಗೋತೇನಿ."

"ಹಂಗಾರ ಜಹೀರನ ಮಾತು?"

"ಮುಗದ ಮಾತ ಯಾಕ ಕೆದರತಿ? ಹಬ್ಬ ಮುಗೀಲಿ."

ಖಾದರಸಾಬ ನಂಬಿದ. ಅವನ ಸಿಟ್ಟಿನ ಒಂದು ದೋಷ ಅದು, ಯಾರಾದರೂ ಅರ್ಧ ಬಗ್ಗಿದರೆ ಪೂರ್ತಿ ಆರಿಬಿಡುತ್ತಿತ್ತು. ಮನೆಗೆ ಹೋಗಿ ಖುರ್ಷಿದಳ ಬಾಗಿಲ ಮುಂದೆ ನಿಂತು, ಹಬ್ಬ ಮುಗಿಯಲಿ ಅಂದ. ಮೂರು ದಿನ ಮೈಮುರಿದು ಮೂವತ್ತೆಂಟರ ಗಾಡಿಯ ರೇಡಿಯೇಟರಿಗೆ ಬೆಸುಗೆ ಹಾಕಿದ, ಗೇರಿನ ಹಲ್ಲು ತಿಕ್ಕಿದ. ಹಸಿರು ಗಾಡಿ ಅಂಗಳದಲ್ಲೇ ನಿಂತಿತ್ತು. ಟವೆಲ್ಲಿನ ಕೆಳಗೆ ಕೊಟ್ಟ ಮಾತನ್ನು ಸಾವ್ಕಾರ ಹಿಂದೆ ತೆಗೆದುಕೊಳ್ಳುವಂತಿರಲಿಲ್ಲ; ಅದನ್ನು ಬಿಚ್ಚಿ ಗುಜರಿಗೆ ಹಾಕುತ್ತಾನೇನೋ ಎಂದು ಖಾದರಸಾಬ ಅಂದುಕೊಂಡಿದ್ದ. ಎಂಥ ಹುಚ್ಚು.

ಖಂಡೇಪೂಜೆಯ ದಿನ ಶೆಡ್ಡಿನಲ್ಲಿ ಹಲಗೆಯ ಮೇಲೆ ಅವನ ನಟ್ಟು ಬಿಚ್ಚುವ ಪಾನಾ, ಸುತ್ತಿಗೆ, ಚಾಣಗಳನ್ನೆಲ್ಲ ಜೋಡಿಸಿ ಸಾವ್ಕಾರನ ತಾಯಿ ನಿಂಬೆವ್ವ ವಿಭೂತಿ, ಕುಂಕುಮ, ಚೆಂಡುಹೂವು ಏರಿಸಿದ್ದಳು. ಆ ದಿನ ಯಾರೂ ಹತ್ಯಾರ ಮುಟ್ಟುವಂತಿಲ್ಲ. ಕೂಲಿ ಇಲ್ಲ, ಕೆಲಸ ಇಲ್ಲ, ಬೆಲ್ಲ-ಕೊಬ್ಬರಿ ತಿಂದು ಮನೆಗೆ ಹೋಗುವ ದಿನ. ಖಾದರಸಾಬ ಪ್ರತಿವರ್ಷದಂತೆ ಒಗೆದ ಅಂಗಿ ತೊಟ್ಟು ಬಂದ. ಬಂದು ನೋಡಿದರೆ ಹಸಿರು ಗಾಡಿಯ ಮೂತಿಗೆ ಹೂವಿನ ಹಾರ ಬಿದ್ದಿತ್ತು. ಪಕ್ಕದಲ್ಲಿ ಕೈಯಲ್ಲಿ ತೆಂಗಿನಕಾಯಿ ಹಿಡಿದ ಒಬ್ಬ ಮನುಷ್ಯ ನಿಂತಿದ್ದ. ಊರ ಜನ ಅಂಗಳದ ತುಂಬ ಸೇರಿದ್ದರು.

"ಇವರು ಜೇವರ್ಗಿ ದೇವಿಂದ್ರಪ್ಪ," ಅಂದ ಸಾವ್ಕಾರ. "ಹೊಸದಾಗಿ ಸರ್ವೀಸ ಹಾಕಾಕತ್ತಾರ. ಗಾಡಿ ತಾವ ಹೊಡೀತಾರಂತ. ನಿನ್ನ ಕೈ ಬಿದ್ರ ಸಾಕಂತಾರ."

ದೇವಿಂದ್ರಪ್ಪ ಕೈಮುಗಿದ. ಮೂವತ್ತು ದಾಟದ ಮನುಷ್ಯ, ಎರಡು ಎಕರೆ ಎರೆಹೊಲ ಮಾರಿ ಬಂದವನು. "ನಿಮ್ಮ ಹೆಸರ ಕೇಳೇನ್ರಿ ಮಿಸ್ತ್ರಿ. ನೀವು ಹೂಂ ಅಂದ್ರ ನಾ ಏನೂ ನೋಡಂಗಿಲ್ರಿ."

ಖಾದರಸಾಬನಿಗೆ ಈಗ ಎಲ್ಲ ತಿಳಿಯಿತು. ಸಾವ್ಕಾರ ವ್ಯಾಪಾರವನ್ನು ಈ ದಿನಕ್ಕೇ ಯಾಕೆ ಇಟ್ಟನೆಂದು ತಿಳಿಯಿತು. ಪಾನಾ ಮುಟ್ಟುವಂತಿಲ್ಲದ ದಿನ ಮಿಸ್ತ್ರಿಯ ಬಳಿ ಉಳಿಯುವುದು ಬರೀ ಕೈ. ಮೂರು ದಿನದ ಹಿಂದೆ ತಾನು ಸುರಿದ ಕಬ್ಬಿಣದಿಂದ ಸಾವ್ಕಾರ ಕಲಿತದ್ದು ಇಷ್ಟೇ: ಸಾವನ್ನು ತನ್ನ ಅಂಗಳದಿಂದ ಜೇವರ್ಗಿಗೆ ಸಾಗಿಸಬೇಕು. ನಾಳೆ ಈ ದೇವಿಂದ್ರಪ್ಪ ಯಾವುದೋ ಹಳ್ಳಕ್ಕೆ ಬಿದ್ದರೆ ಅವನಿಗೂ ನಿದ್ದೆ ಹತ್ತುತ್ತದೆ.

ಸಾವ್ಕಾರ ಹತ್ತಿರ ಬಂದು ಮೆಲ್ಲಗೆ ಅಂದ: "ಮಾತಾಡಬ್ಯಾಡ. ಬರೇ ಕೈ ಇಡು. ನಾಳಿ ಬನ್ನಿ ಕೊಡುಮುಂದ ನಿನ್ನ ತಮ್ಮನ ಮಾತ ನಾಕ ಮಂದಿ ಮುಂದ ನಾನ ಹೇಳತೇನಿ."

ಒಂದು ಗಳಿಗೆ, ಒಂದೇ ಗಳಿಗೆ, ಖಾದರಸಾಬನ ಕೈ ಮೇಲೆದ್ದಿತು. ಖುರ್ಷಿದ ಹಗಲಿನಲ್ಲಿ ಬಾವಿಗೆ ಹೋಗುವುದು ಕಣ್ಣ ಮುಂದೆ ಬಂತು. ಅಷ್ಟರಲ್ಲಿ ದೇವಿಂದ್ರಪ್ಪ ಕಾಯಿ ಒಡೆಯಲು ಕಲ್ಲು ಹುಡುಕುತ್ತಾ ಬಗ್ಗಿದ. ಜಹೀರುದ್ದೀನನೂ ಹೊಸ ಗಾಡಿಗೆ ಹೀಗೇ ಬಗ್ಗಿ ಕಾಯಿ ಒಡೆದಿದ್ದ.

ಖಾದರಸಾಬ ತಿರುಗಿ ಶೆಡ್ಡಿಗೆ ನಡೆದ. ಹಲಗೆಯ ಮುಂದೆ ನಿಂತು, "ನನಗ ಪಾನಾ ಬೇಕು," ಅಂದ.

ಜನ ಗುಸುಗುಟ್ಟಿದರು. ಪೂಜೆಗಿಟ್ಟದ್ದನ್ನು ಮುಟ್ಟುತ್ತಾನಂತೆ ಎಂದು ಯಾರೋ ಅಂದರು; ಅದಕ್ಕಿಂತ ಕೆಟ್ಟದ್ದನ್ನೂ ಇನ್ಯಾರೋ ಅಂದರು. ಸಾವ್ಕಾರ ಅದಕ್ಕೇ ಕಾದಿದ್ದವನಂತೆ ಎಲ್ಲರ ಕಡೆ ನೋಡಿದ. "ನೋಡ್ರಪಾ, ನಮ್ಮ ದೇವರ ಮುಂದಿನ ಹತ್ಯಾರ—"

"ಪೂಜಿ ಮಾಡಿದಾಕಿ ನಾನು," ಎಂದಳು ನಿಂಬೆವ್ವ. ಹಲಗೆಯ ಪಕ್ಕದಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದ ಮುದುಕಿ ಮೊಣಕಾಲು ಹಿಡಿದು ಎದ್ದಳು. "ಸೋಮವಾರಕ್ಕೊಮ್ಮೆ ಅಫಜಲಪುರಕ್ಕ ಹೋಗಾಕ ಆ ಜಹೀರ ನನ್ನ ಕೈ ಹಿಡಿದು ಮೋಟಾರ ಹತ್ತಸ್ತಿದ್ದ. ಆರ ವರ್ಷದಾಗ ಒಂದ ದಿನ ಆಕಳಿಸಿದ್ದು ನಾ ಕಾಣೆ. ಹತ್ಯಾರ ಇರೂದು ಕೆಲಸಕ್ಕ. ತಗೊ ಮಿಸ್ತ್ರಿ." ಹೂವು ಸರಿಸಿ ಪಾನಾ ತೆಗೆದು, ತನ್ನ ಕೈಯಿಂದಲೇ ಅವನ ಕೈಗೆ ಕೊಟ್ಟಳು. ತಾಯಿಯ ಮುಂದೆ ಸಾವ್ಕಾರ ಹಿಂದೆ ಸರಿದ.

ಖಾದರಸಾಬ ಒಗೆದ ಅಂಗಿಯಲ್ಲೇ ಮಣ್ಣಿನ ಮೇಲೆ ಮಲಗಿದ. ಮೊದಲು ಮೂವತ್ತೆಂಟರ ಗಾಡಿಯ ಆರ್ಮು ಬಿಚ್ಚಿದ, ಆಮೇಲೆ ಹಸಿರು ಗಾಡಿಯದು. ಅರ್ಧ ತಾಸು ಹಿಡಿಯಿತು. ಒಬ್ಬರೂ ಕದಲಲಿಲ್ಲ. ಎರಡನ್ನೂ ಸೀಮೆಎಣ್ಣೆಯಲ್ಲಿ ಅದ್ದಿ ಅರಿವೆಯಿಂದ ಒರೆಸಿ ಒಣಗಿಸಿದ. ಬಕೀಟಿನ ಅಡಿಯಲ್ಲಿ ಗಟ್ಟಿಯಾಗಿ ಕೂತಿದ್ದ ಸುಣ್ಣವನ್ನು ಕೆರೆದು ಪುಡಿ ಮಾಡಿ ಎರಡರ ಮೇಲೂ ಉದುರಿಸಿದ.

"ನೋಡ್ರಿ ದೇವಿಂದ್ರಪ್ಪ. ಸೀಳಿದ್ರ ಒಳಗ ಹೊಕ್ಕ ಎಣ್ಣಿ ಸುಣ್ಣದಾಗ ಹೊರಗ ಬರತದ."

ಎಲ್ಲರೂ ಬಗ್ಗಿದರು. ಮೂವತ್ತೆಂಟರದು ಬೆಳ್ಳಗೇ ಉಳಿಯಿತು. ನಲವತ್ತೆರಡರ ಕುತ್ತಿಗೆಯ ಸುತ್ತ ಮೆಲ್ಲಗೆ ಕೂದಲೆಳೆಯಂಥ ಕಪ್ಪು ಗೀಟು ಮೂಡಿತು. ಅರ್ಧ ಸುತ್ತು ಬಂದು ನಿಂತಿತು.

ಖಾದರಸಾಬ ಮೂವತ್ತೆಂಟರದನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಂದು ಬಾರಿಸಿದ. ಅದು ಗಂಟೆಯಂತೆ ಸದ್ದು ಮಾಡಿ ಕೈಗೆ ಝುಮ್ ಎಂದು ಹೊಡೆಯಿತು. ನಲವತ್ತೆರಡರದನ್ನು ಇಟ್ಟು ಅಷ್ಟೇ ಬಲದಿಂದ ಬಾರಿಸಿದ. ಅದು ಕಪ್ಪು ಗೀಟಿನ ಗುಂಟ ಎರಡಾಗಿ, ಒಂದು ತುಂಡು ಹಾರಿ ಸಾವ್ಕಾರನ ಕಾಲ ಬಳಿ ಬಿತ್ತು.

ಖಾದರಸಾಬ ಎದ್ದು ನಿಂತ. ಕೂಗಲಿಲ್ಲ.

"ಇದಕ್ಕೂ ನಿದ್ದಿ ಹತ್ತಿತ್ತೇನ್ರಿ ಸಾವ್ಕಾರ್ರೆ?"

ದೇವಿಂದ್ರಪ್ಪ ಬಗ್ಗಿ ತುಂಡನ್ನು ಎತ್ತಿಕೊಂಡು ತಿರುಗಿಸಿ ನೋಡಿದ, ಸಾವ್ಕಾರನ ಮುಖ ನೋಡಿದ. ಗಾಡಿಯ ಮೂತಿಯಿಂದ ಹಾರ ತೆಗೆದ. ಒಡೆಯದ ತೆಂಗಿನಕಾಯಿಯ ಜೊತೆ ಅದನ್ನು ಖಾದರಸಾಬನ ಕಾಲ ಬಳಿ ಇಟ್ಟು, "ನಿಮ್ಮ ತಮ್ಮಗ," ಅಂದ.

"ನಾಳಿಂದ ನನ್ನ ಶೆಡ್ಡಿಗಿ ಬರಬ್ಯಾಡ," ಅಂದ ಚಂದ್ರಾಮಪ್ಪ. ದನಿಯಲ್ಲಿ ನಗು ಇರಲಿಲ್ಲ.

"ಬರಂಗಿಲ್ರಿ. ಇವತ್ತ ಒಂದ ಕೆಲಸ ಉಳದದ."

ಖಾದರಸಾಬ ಸುಟ್ಟ ಎಣ್ಣೆಯ ಡಬ್ಬಿ ಎತ್ತಿಕೊಂಡು ಬೆಳ್ಳನೆಯ ಗೋಡೆಯ ಮುಂದೆ ಹೋದ. ಬೆರಳು ಅದ್ದಿ ಮೂವತ್ತೆಂಟು, ನಲವತ್ತು, ನಲವತ್ತೆರಡು ಎಂದು ಅಂಕಿ ಬರೆದ. ಮೂವತ್ತೆಂಟರ ಕೆಳಗೆ ಒಂದು ಗೀಟು, ನಲವತ್ತರ ಕೆಳಗೆ ಒಂದು. ನಲವತ್ತೆರಡರ ಕೆಳಗೆ ಒಂದೊಂದಾಗಿ ಏಳು ಗೀಟು ಎಳೆದ. ಮೊದಲನೆಯದನ್ನು ತಲೆಯ ಮೇಲಿಂದ ಶುರು ಮಾಡಿ ನೆಲದವರೆಗೂ ಎಳೆದ. ಅದು ಯಾರದೆಂದು ಈ ಸಲ ಊರಿನವರು ಯಾರೂ ಕೇಳಲಿಲ್ಲ.